ತುಮಕೂರಲ್ಲಿ ಕಣ್ಣು ಕಾಣದವರು ಒಬ್ಬರೇ ಓಡಾಡೋದು: ಫೋನ್ ಎಲ್ಲಿವರೆಗೆ, ಕೋಲು ಎಲ್ಲಿಂದ?

ಬಿಎಚ್‌ರೋಡ್_ಬದಿ

ವಿಷಯಕ್ಕೆ ನೇರವಾಗಿ ಬರ್ತೀನಿ. ಬೆಂಗಳೂರಿಂದ ಬಸ್ಸಲ್ಲೋ ರೈಲಲ್ಲೋ ಒಬ್ಬರೇ ಬರುವ, ಪೂರ್ತಿ ಕಣ್ಣು ಕಾಣದ ಪ್ರಯಾಣಿಕರು ತುಮಕೂರಿನ ಒಳಗೆ ಓಡಾಡೋಕೆ ಫೋನನ್ನ ಹೇಗೆ ಸಜ್ಜು ಮಾಡ್ಕೋಬೇಕು? ಸಾಧಾರಣ ಆಂಡ್ರಾಯ್ಡ್ ಫೋನ್, 5000 ಎಂಎಎಚ್ ಬ್ಯಾಟರಿ, ಟಾಕ್‌ಬ್ಯಾಕ್ (ಸ್ಕ್ರೀನಲ್ಲಿರೋದನ್ನ ಓದಿ ಹೇಳುವ ಆಂಡ್ರಾಯ್ಡ್ ಸೌಲಭ್ಯ) ಬಳಸೋಕೆ ಚೆನ್ನಾಗಿ ಬರುತ್ತೆ, ಬಿಳಿಕೋಲಿನ ತರಬೇತಿ ಆಗಿದೆ ಅಂತ ಇಟ್ಕೊಳ್ಳಿ. ಮ್ಯಾಪ್ "ತಲುಪಿದ್ದೀರಿ" ಅಂತ ಹೇಳಿ ಸುಮ್ಮನಾಗುತ್ತೆ, ಗೇಟು ಮಾತ್ರ ಸಿಗಲ್ಲ. ಕನ್ನಡ ಬೋರ್ಡು ಬಂದರೆ ಧ್ವನಿ ತಡವರಿಸುತ್ತೆ. ಇವೆರಡಕ್ಕೂ ಗಟ್ಟಿ ಉತ್ತರ ಬೇಕು. "ಯಾರನ್ನಾದರೂ ಜೊತೆಗೆ ಕರ್ಕೊಂಡು ಹೋಗಿ" ಅನ್ನೋ ಸಲಹೆ ಬೇಡ, ಅದು ಎಲ್ಲರಿಗೂ ಗೊತ್ತು.

ಕೋಲು_ಕಂಪಾಸು

ಮೊದಲು ಒಂದು ಲೆಕ್ಕ. ಬಯಲಲ್ಲಿ, ಮೇಲೆ ಆಕಾಶ ತೆರೆದಿದ್ದಾಗ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತೆ. ಅಂಗಡಿ ಸಾಲು, ಮರ, ಮೇಲ್ಛಾವಣಿ ಇದ್ದ ಕಡೆ ಉಪಗ್ರಹದ ಸಂಕೇತ ಗೋಡೆಗೆ ಬಡಿದು ತಿರುಗಿ ಬರುತ್ತೆ, ಆಗ ತಪ್ಪು 15, 20 ಮೀಟರಿಗೂ ಹೋಗಬಹುದು. ಬಿ.ಎಚ್. ರಸ್ತೆಯಂಥ ಕಡೆ ಅಂದರೆ ರಸ್ತೆಯ ಈ ಬದಿಯೋ ಆ ಬದಿಯೋ ಅನ್ನೋದನ್ನೇ ಫೋನ್ ತಪ್ಪು ಹೇಳಬಹುದು. ಆದ್ದರಿಂದ "ಗೇಟು ಸಿಗಲ್ಲ" ಅನ್ನೋದು ಆ್ಯಪ್ ಕೆಟ್ಟಿದ್ದಕ್ಕಲ್ಲ. ಕಡೆಯ ಹದಿನೈದು ಮೀಟರ್ ಫೋನಿನ ಕೆಲಸವೇ ಅಲ್ಲ.

ಎರಡನೇ ತೊಡಕು ಅಂದರೆ ಪಿನ್ ಇರೋ ಜಾಗ. ದೊಡ್ಡ ಆವರಣಗಳಿಗೆ ಮ್ಯಾಪಿನ ಪಿನ್ ಸಾಮಾನ್ಯವಾಗಿ ಕಟ್ಟಡದ ನಡುವೆ ಇರುತ್ತೆ, ಗೇಟಿನ ಹತ್ತಿರ ಅಲ್ಲ. ಎಸ್‌ಐಟಿ ಥರದ ಕಾಲೇಜು, ಆಸ್ಪತ್ರೆ, ಮಠ, ಎಲ್ಲದಕ್ಕೂ ಇದೇ ಕಥೆ. ಪಿನ್‌ಗೆ ಹತ್ತಿರದ ರಸ್ತೆ ಯಾವುದೋ ಅಲ್ಲಿಗೆ ಕರ್ಕೊಂಡು ಹೋಗಿ, ಕಾಂಪೌಂಡ್ ಗೋಡೆ ಮುಂದೆ ನಿಲ್ಲಿಸಿ "ತಲುಪಿದ್ದೀರಿ" ಅನ್ನುತ್ತೆ. ಅದರ ಪ್ರಕಾರ ಅದು ಸರಿಯೇ!

ಪರಿಹಾರ: ಗೇಟಿನದ್ದೇ ಗುರುತು ನೀವೇ ಮಾಡಿ ಇಟ್ಕೋಬೇಕು. ಮೊದಲ ಸಲ ಯಾರ ಸಹಾಯದಿಂದಲಾದರೂ ಗೇಟಿನ ಹತ್ತಿರ ನಿಂತು, ಕನಿಷ್ಠ 30 ಸೆಕೆಂಡು ಫೋನನ್ನ ತೆರೆದ ಕಡೆ ಹಿಡಿದು, ಕಂಪಾಸ್ ಆ್ಯಪಿನಲ್ಲಿ ಅಕ್ಷಾಂಶ ರೇಖಾಂಶ ಓದಿಸಿ. ದಶಮಾಂಶದ ನಂತರ ಐದು ಅಂಕಿ ಬೇಕು. ನಾಲ್ಕು ಅಂಕಿ ಅಂದರೆ ಸುಮಾರು 11 ಮೀಟರ್ ಹೆಜ್ಜೆ, ಐದು ಅಂದರೆ ಸುಮಾರು 1.1 ಮೀಟರ್. ತುಮಕೂರು ಊರು 13.34, 77.10ರ ಆಸುಪಾಸು, ಅಲ್ಲಿಂದ ದೂರ ಇರೋ ಸಂಖ್ಯೆ ಬಂದರೆ ಓದಿದ್ದೇ ತಪ್ಪು ಅಂತ ಗೊತ್ತಾಗುತ್ತೆ. ಬೇರೆ ಬೇರೆ ಹೊತ್ತಲ್ಲಿ ಮೂರು ಸಲ ತಗೊಂಡು ನಡುವಿನದ್ದನ್ನ ಇಟ್ಕೊಳ್ಳಿ. ಆ ಎರಡು ಸಂಖ್ಯೆಯನ್ನ ಅಲ್ಪವಿರಾಮ ಹಾಕಿ ಗೂಗಲ್ ಮ್ಯಾಪ್ಸ್ ಹುಡುಕಾಟದಲ್ಲಿ ಅಂಟಿಸಿದರೆ ಪಿನ್ ಬೀಳುತ್ತೆ, ಅದಕ್ಕೆ ಲೇಬಲ್ ಕೊಡಬಹುದು. ಟಾಕ್‌ಬ್ಯಾಕಲ್ಲಿ ಮ್ಯಾಪಿನ ಮೇಲೆ ಬೆರಳು ಒತ್ತಿ ಹಿಡಿದು ಪಿನ್ ಹಾಕೋಕೆ ಹೋಗಬೇಡಿ, ಎಲ್ಲಿ ಬಿತ್ತು ಅಂತ ತಿಳಿಯಲ್ಲ.

ಲೇಬಲ್ ಹೆಸರಲ್ಲೇ ಮಾಹಿತಿ ತುಂಬಿ. "ಕಾಲೇಜು" ಅಂತ ಇಟ್ಟರೆ ಏನೂ ಪ್ರಯೋಜನ ಇಲ್ಲ. "ಕಾಲೇಜು ಗೇಟು, ಕಬ್ಬಿಣದ್ದು, ಮುಂದೆ ಇಳಿಜಾರು, ಎಡಕ್ಕೆ ಚರಂಡಿ ಕಲ್ಲು" ಅಂತಿಟ್ಟರೆ ಆ ಗುರುತನ್ನ ತೆರೆದಾಗ ಟಾಕ್‌ಬ್ಯಾಕ್ ಅದನ್ನೇ ಓದುತ್ತೆ, ಕೋಲಿಗೆ ಏನು ಸಿಗಬೇಕು ಅಂತ ತಲೆಗೆ ಬರುತ್ತೆ.

ನಕ್ಷೆಹುಳ

ಮೇಲಿನದ್ದಕ್ಕೆ ಸೇರಿಸ್ತೀನಿ. ಗುರುತನ್ನ ಇನ್ನೊಬ್ಬರಿಗೆ ಫೋನಲ್ಲಿ ಬಾಯಿಮಾತಲ್ಲಿ ಹೇಳಬೇಕಾದರೆ ಪ್ಲಸ್ ಕೋಡ್ (ಗೂಗಲ್ ಮ್ಯಾಪ್ಸ್ ಪ್ರತಿ ಜಾಗಕ್ಕೂ ಕೊಡುವ ಚಿಕ್ಕ ಸಂಕೇತ) ಸುಲಭ. ಹತ್ತು ಅಕ್ಷರದ ಪೂರ್ತಿ ಕೋಡ್ ಸುಮಾರು 14 ಮೀಟರ್ ಚೌಕವನ್ನ ಹಿಡಿಯುತ್ತೆ, ಹನ್ನೊಂದನೆಯದು ಸೇರಿಸಿದರೆ ಸುಮಾರು 3 ಮೀಟರಿಗೆ ಇಳಿಯುತ್ತೆ. ಅದರಲ್ಲಿ ಸ್ವರಾಕ್ಷರ ಇಲ್ಲ, ಸೊನ್ನೆ, ಒಂದು ಕೂಡ ಇಲ್ಲ, ಹಾಗಾಗಿ ಕಿವಿಯಲ್ಲಿ ಗೊಂದಲ ಕಡಿಮೆ. ಗೇಟಿಗೆ ಹತ್ತು ಸಾಲದು, ಹನ್ನೊಂದೇ ತಗೊಳ್ಳಿ.

ಕಾಗುಣಿತದ ಕಾಟವೂ ಇದೆ. 2014ರ ನವೆಂಬರ್ 1ರಿಂದ ಊರಿನ ಇಂಗ್ಲಿಷ್ ಹೆಸರಿಗೆ ನಡುವೆ ಒಂದು ಎ, ಕೊನೆಗೆ ಒಂದು ಯು ಸೇರಿತು. ಅಂಗಡಿ, ಸಂಸ್ಥೆ, ಹಳೇ ನಮೂದುಗಳು ಎಷ್ಟೋ ಇನ್ನೂ ಹಳೇ ಕಾಗುಣಿತದಲ್ಲೇ ಇವೆ. ಒಂದರಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಿ. ಕ್ಯಾತ್ಸಂದ್ರವನ್ನಂತೂ ಎಚ್ ಹಾಕಿ, ಹಾಕದೆ, ನಡುವೆ ಎ ಸೇರಿಸಿ, ಮೂರು ಥರ ಬರೀತಾರೆ. ಕನ್ನಡದಲ್ಲೇ ಟೈಪ್ ಮಾಡಿದರೂ ಸಿಗುತ್ತೆ, ಎಷ್ಟೋ ಸಲ ಅದೇ ವಾಸಿ.

ಗುಬ್ಬಿಗೇಟ್_ಗೆಳೆಯ

ಧ್ವನಿ ಬಗ್ಗೆ. ಗೂಗಲ್‌ನ ಕನ್ನಡ ಧ್ವನಿಯನ್ನ ಮೊದಲೇ ವೈಫೈನಲ್ಲಿ ಡೌನ್‌ಲೋಡ್ ಮಾಡಿ. ಇಲ್ಲದಿದ್ದರೆ ನೆಟ್ ಹೋದ ಕಡೆ ಧ್ವನಿ ನಿಂತೇ ಹೋಗಬಹುದು. ಇಂಗ್ಲಿಷ್ ಧ್ವನಿ ಒಂದನ್ನೇ ಇಟ್ಕೊಂಡರೆ ಕನ್ನಡ ಅಕ್ಷರ ಬಂದಾಗ ಹಾರಿಸಿಬಿಡುತ್ತೆ. ಕನ್ನಡ ಧ್ವನಿ ಇಟ್ಕೊಂಡರೆ ಇಂಗ್ಲಿಷನ್ನೂ ಓದುತ್ತೆ, ಉಚ್ಚಾರ ಮಾತ್ರ ನಮ್ಮೂರಿನದ್ದು. ದಾರಿಯಲ್ಲಿ ಅಷ್ಟು ಸಾಕು. ಇಸ್ಪೀಕ್ ಅನ್ನೋ ಇನ್ನೊಂದು ಉಚಿತ ಧ್ವನಿ ಎರಡನ್ನೂ ಓದುತ್ತೆ, ಬಲು ಚುರುಕು, ಆದರೆ ಟ್ರಾಫಿಕ್ ಗದ್ದಲದಲ್ಲಿ ಅದರ ಲೋಹದ ಕಂಠ ಕೇಳಿಸ್ಕೊಳ್ಳೋಕೆ ಅಭ್ಯಾಸ ಬೇಕು. ಐಫೋನಿನವರಿಗೆ ಐಒಎಸ್ 16ರಿಂದ ವಾಯ್ಸ್‌ಓವರಲ್ಲೇ (ಐಫೋನಿನ ಟಾಕ್‌ಬ್ಯಾಕ್ ಅಂದ್ಕೊಳ್ಳಿ) ಕನ್ನಡ ಧ್ವನಿ ಇದೆ.

ಮ್ಯಾಪ್ಸ್ ಒಳಗಿನ ದಾರಿ ಹೇಳುವ ಧ್ವನಿ ಬೇರೆ, ಟಾಕ್‌ಬ್ಯಾಕ್ ಧ್ವನಿ ಬೇರೆ. ಎರಡೂ ಒಟ್ಟಿಗೆ ಮಾತಾಡಿದರೆ ಒಂದೂ ಕೇಳಲ್ಲ. ನಡೆಯೋಕೆ ಶುರು ಮಾಡಿದ ಮೇಲೆ ಪವರ್ ಬಟನ್ ಒತ್ತಿ ಸ್ಕ್ರೀನ್ ಲಾಕ್ ಮಾಡಿ, ಜೇಬಿಗೆ ಹಾಕಿ. ಲಾಕ್ ಆದರೂ ಮ್ಯಾಪ್ಸ್ ದಾರಿ ಹೇಳ್ತಾ ಇರುತ್ತೆ, ಟಾಕ್‌ಬ್ಯಾಕ್ ಸುಮ್ಮನಿರುತ್ತೆ. ಜೇಬಿನ ಬಟ್ಟೆ ಸ್ಕ್ರೀನಿಗೆ ತಾಗಿ ಏನೇನೋ ಒತ್ತೋದೂ ತಪ್ಪುತ್ತೆ.

ಹೊಸಬ_ಸಿರಾಗೇಟ್

ಬ್ಲೂಟೂತ್ ಇಯರ್‌ಬಡ್ ಸಾಕಲ್ವಾ? ವೈರು ಕೋಲಿಗೆ ಸಿಕ್ಕಿಹಾಕ್ಕೊಳ್ಳುತ್ತೆ.

ಗುಬ್ಬಿಗೇಟ್_ಗೆಳೆಯ

ಎರಡು ಕಾರಣಕ್ಕೆ ಹುಷಾರು. ಬಡ್ ಕಿವಿ ಮುಚ್ಚುತ್ತೆ, ಮುಚ್ಚಿದರೆ ಆಟೋ ಎಲ್ಲಿಂದ ಬರ್ತಿದೆ ತಿಳಿಯಲ್ಲ. ಇನ್ನೊಂದು ಯಾರೂ ಹೇಳದೇ ಇರೋದು: ಬ್ಲೂಟೂತ್ ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ನಿದ್ದೆಗೆ ಜಾರುತ್ತೆ. ಮ್ಯಾಪ್ಸ್ "ಎಡಕ್ಕೆ ತಿರುಗಿ" ಅಂದಾಗ ಅದು ಎದ್ದು ಕೂರೋ ಹೊತ್ತಿಗೆ "ಎಡಕ್ಕೆ" ಹೋಗಿ "ತಿರುಗಿ" ಮಾತ್ರ ಕಿವಿಗೆ ಬೀಳುತ್ತೆ. ಎಲ್ಲಾ ಬಡ್‌ಗಳೂ ಹೀಗಲ್ಲ, ಆದರೆ ಮನೆಯಲ್ಲೇ ಪರೀಕ್ಷೆ ಮಾಡಿ: ಎರಡು ನಿಮಿಷ ಸುಮ್ಮನೆ ಬಿಟ್ಟು, ಆಮೇಲೆ ಒಂದು ನೋಟಿಫಿಕೇಶನ್ ಬರಿಸಿ, ಮೊದಲ ಪದ ಪೂರ್ತಿ ಕೇಳಿಸಿತಾ ನೋಡಿ. ಕೇಳಿಸದಿದ್ದರೆ ವೈರಿನದ್ದೇ, ಒಂದೇ ಕಿವಿಗೆ, ವೈರನ್ನ ಅಂಗಿ ಒಳಗಿಂದ ಬಿಟ್ಕೊಳ್ಳಿ. ಕೆನ್ನೆಮೂಳೆಯ ಮೂಲಕ ಕೇಳಿಸುವ ಬೋನ್ ಕಂಡಕ್ಷನ್ ಹೆಡ್‌ಫೋನ್ ಕಿವಿಯನ್ನ ತೆರೆದೇ ಇಡುತ್ತೆ, ಆದರೆ ಲಾರಿ ಪಕ್ಕದಲ್ಲೇ ಹೋದಾಗ ಅದರ ಸದ್ದು ಮುಳುಗುತ್ತೆ.

ನಡಿಗೆಪಾಠ

ಗೂಗಲ್ ಮ್ಯಾಪ್ಸಲ್ಲಿ ಊರಿನ ಆಫ್‌ಲೈನ್ ಮ್ಯಾಪ್ ಇಳಿಸ್ಕೊಂಡು ನೆಮ್ಮದಿಯಾಗಿ ಹೊರಡುವವರಿಗೆ ಒಂದು ಮಾತು: ಅದು ನೆಟ್ ಇಲ್ಲದಾಗ ವಾಹನದ ದಾರಿ ಮಾತ್ರ ಕೊಡುತ್ತೆ, ನಡಿಗೆ ದಾರಿ ಕೊಡಲ್ಲ. ವಾಹನದ ದಾರಿ ನಂಬಿ ನಡೆದರೆ ಏಕಮುಖ ರಸ್ತೆಗೆ ಸುತ್ತು ಹಾಕಿಸುತ್ತೆ, ಮೀಡಿಯನ್ ಕೊನೆವರೆಗೆ ಹೋಗಿ ಯೂಟರ್ನ್ ತಗೊಳ್ಳಿ ಅನ್ನುತ್ತೆ. ನಡಿಗೆಗೆ ಓಎಸ್‌ಎಂಆ್ಯಂಡ್ ಅಥವಾ ಆರ್ಗ್ಯಾನಿಕ್ ಮ್ಯಾಪ್ಸ್ ಅನ್ನೋ ಮ್ಯಾಪ್ ಆ್ಯಪ್ ಇನ್ನೊಂದು ಕೈಯಾಗಿ ಇರಲಿ, ಎರಡೂ ನೆಟ್ ಇಲ್ಲದೆ ನಡಿಗೆ ದಾರಿ ಹೇಳುತ್ತವೆ.

ದಿಕ್ಕಿನ ವಿಷಯ ಬೇರೆ. ನಿಂತ ಕಡೆ ಜಿಪಿಎಸ್‌ಗೆ ನೀವು ಯಾವ ಕಡೆ ಮುಖ ಮಾಡಿದ್ದೀರಿ ಅಂತ ತಿಳಿಯಲ್ಲ. ಅದಕ್ಕೆ ಕಂಪಾಸ್ ಬೇಕು, ಮ್ಯಾಗ್ನೆಟ್ ಇರೋ ಫ್ಲಿಪ್ ಕವರ್ ಕಂಪಾಸನ್ನ ಕೆಡಿಸುತ್ತೆ. ಬಸ್ಸಿನ ಕಬ್ಬಿಣದ ಪಕ್ಕ ನಿಂತರೂ ಅಷ್ಟೇ. ಕವರ್ ಬದಲಾಯಿಸಿ, ಹೊರಡೋ ಮೊದಲು ಫೋನನ್ನ ಗಾಳಿಯಲ್ಲಿ ಇಂಗ್ಲಿಷ್ ಎಂಟರ ಆಕಾರದಲ್ಲಿ ನಾಲ್ಕೈದು ಸಲ ತಿರುಗಿಸಿ. "ಉತ್ತರಕ್ಕೆ ಹೊರಡಿ" ಅಂದರೆ ಹತ್ತು ಹದಿನೈದು ಹೆಜ್ಜೆ ನಡೆದು ನೋಡಿ, ಉಳಿದ ದೂರ ಕಡಿಮೆ ಆಗ್ತಿದ್ದರೆ ಸರಿ, ಹೆಚ್ಚಾಗ್ತಿದ್ದರೆ ವಾಪಸ್ ತಿರುಗಿ. ಬೆಳಗ್ಗೆ ಆದರೆ ಕೆನ್ನೆಗೆ ಬಿಸಿಲು ಯಾವ ಕಡೆ ತಾಗುತ್ತೆ ಅನ್ನೋದು ಯಾವ ಆ್ಯಪಿಗೂ ಕಮ್ಮಿ ಇಲ್ಲ.

ರಸ್ತೆ ದಾಟುವಾಗ ಫೋನ್ ಬಾಯಿ ಮುಚ್ಚಿಸಿ. ಹಾಡು, ಕ್ರಿಕೆಟ್ ಕಾಮೆಂಟರಿ ಇದ್ದರೆ ಎರಡು ಬೆರಳಲ್ಲಿ ಎರಡು ಸಲ ತಟ್ಟಿದರೆ ನಿಲ್ಲುತ್ತೆ, ಟಾಕ್‌ಬ್ಯಾಕ್ ಮಾತಿಗೆ ಎರಡು ಬೆರಳಲ್ಲಿ ಒಂದು ತಟ್ಟು. ಮೊದಲರ್ಧದಲ್ಲಿ ಗಾಡಿಗಳು ನಿಮ್ಮ ಬಲದಿಂದ ಬರುತ್ತವೆ, ಮೀಡಿಯನ್ ದಾಟಿದ ಮೇಲೆ ಎಡದಿಂದ. ಎಲೆಕ್ಟ್ರಿಕ್ ಸ್ಕೂಟರ್ ಸದ್ದೇ ಮಾಡಲ್ಲ, "ಸದ್ದಿಲ್ಲ ಅಂದರೆ ಖಾಲಿ" ಅನ್ನೋ ಹಳೇ ಲೆಕ್ಕ ಈಗ ನಡೆಯಲ್ಲ. ಕೋಲು ಮುಂದೆ ಚಾಚಿ, ಪಕ್ಕದಲ್ಲಿ ಯಾರಾದರೂ ದಾಟ್ತಿದ್ದರೆ ಅವರ ಹೆಜ್ಜೆಗೆ ಹೊಂದಿಸ್ಕೊಳ್ಳಿ.

ಹೊಸಬ_ಸಿರಾಗೇಟ್

ಸ್ಮಾರ್ಟ್‌ಕೇನ್ ತಗೊಂಡರೆ ಈ ಗೋಳು ಇರಲ್ಲ ಅಂತಾರೆ?

ನಡಿಗೆಪಾಠ

ಯಾರು ಹಾಗಂದವರು! ದೆಹಲಿ ಐಐಟಿಯಲ್ಲಿ ರೂಪುಗೊಂಡ, 2014ರಲ್ಲಿ ಬಂದ ಆ ಸಾಧನ ಮಾಮೂಲಿ ಮಡಚುವ ಕೋಲಿನ ಹಿಡಿಗೆ ಕೂರುತ್ತೆ. ಶ್ರವಣಾತೀತ ಧ್ವನಿಯಿಂದ ಮುಂದಿನ ಅಡ್ಡಿ ಹಿಡಿದು ಕೈಗೆ ನಡುಕ ಕೊಡುತ್ತೆ. ಒಂದು ಮೋಡಿನಲ್ಲಿ 1.8 ಮೀಟರ್, ಇನ್ನೊಂದರಲ್ಲಿ 3 ಮೀಟರ್. ಅದರ ಉಪಯೋಗ ಮಂಡಿಯಿಂದ ಮೇಲೆ: ಚಾಚಿದ ಕೊಂಬೆ, ನಿಂತ ಲಾರಿಯ ಹಿಂಭಾಗ, ಅಂಗಡಿ ಮುಂದೆ ಇಳಿಬಿದ್ದ ತಗಡು. ಗುಂಡಿ, ತೆರೆದ ಚರಂಡಿ, ಒಡೆದ ಕಲ್ಲು ಅದಕ್ಕೆ ಕಾಣಲ್ಲ, ಅದನ್ನ ಹೇಳೋದು ಕೋಲಿನ ತುದಿಯೇ. ಜನಜಂಗುಳಿಯಲ್ಲಿ ಬಿಡದೆ ನಡುಗುತ್ತೆ, ಆಗ ಚಿಕ್ಕ ಮೋಡಿಗೆ ಹಾಕಿ.

ತುದಿ ಬಗ್ಗೆ ಮಾತ್ರ ಯೋಚಿಸಿ ತಗೊಳ್ಳಿ. ಚೂಪು ಪೆನ್ಸಿಲ್ ತುದಿ ಚರಂಡಿ ಚಪ್ಪಡಿಗಳ ಸಂದಿಗೆ ಸಿಕ್ಕಿ ಹೊಟ್ಟೆಗೆ ತಿವಿಯುತ್ತೆ. ಉರುಳುವ ದಪ್ಪ ತುದಿ ಸಂದಿ ದಾಟುತ್ತೆ, ನೆಲದ ಗುಣವನ್ನೂ ಹೇಳುತ್ತೆ, ಆದರೆ ಭಾರ ಜಾಸ್ತಿ, ಮಣಿಕಟ್ಟು ನೋಯುತ್ತೆ. ಉದ್ದ ನಿಂತಾಗ ಎದೆಮೂಳೆಯ ಕೆಳತುದಿಗೆ ಬರಬೇಕು, ಬಿರುಸಾಗಿ ನಡೆಯುವವರಿಗೆ ಇನ್ನೂ ಎರಡು ಮೂರು ಇಂಚು. ಫುಟ್‌ಪಾತಿನ ಉಬ್ಬು ಹೆಂಚಿನಲ್ಲಿ ಉದ್ದ ಗೆರೆ ಅಂದರೆ ಮುಂದೆ ಹೋಗಿ, ಗುಂಡು ಚುಕ್ಕೆ ಅಂದರೆ ನಿಲ್ಲಿ. ಆದರೆ ಕುರುಡಾಗಿ ನಂಬಬೇಡಿ, ಆ ಹೆಂಚಿನ ಸಾಲು ನೇರವಾಗಿ ಕರೆಂಟ್ ಕಂಬಕ್ಕೆ ಹೋಗಿ ಮುಟ್ಟೋದುಂಟು.

ಕ್ಯಾತ್ಸಂದ್ರ_ಕ್ರಾಸ್

ಬಸ್ಸಿನ ಭಾಗ ನಾನು ಬರೀತೀನಿ. ಬೆಂಗಳೂರಿಂದ ಸುಮಾರು 70 ಕಿ.ಮೀ. ಹತ್ತುವ ಮೊದಲು ಕೇಳಬೇಕಾದ ಪ್ರಶ್ನೆ "ತುಮಕೂರಿಗೆ ಹೋಗುತ್ತಾ?" ಅಲ್ಲ, "ತುಮಕೂರು ಸ್ಟ್ಯಾಂಡ್ ಒಳಗೆ ಹೋಗುತ್ತಾ?" ದೂರದ ಊರಿನ ಬಸ್ಸುಗಳಲ್ಲಿ ಕೆಲವು ಹೆದ್ದಾರಿಯ ಬೈಪಾಸಲ್ಲೇ ಹೋಗಿ, ಊರ ಹೊರಗೆ ಇಳಿಸುತ್ತವೆ. ಹೆದ್ದಾರಿ ಬದಿಯಲ್ಲಿ ಇಳಿದರೆ ಕೋಲು, ಫೋನ್ ಎರಡೂ ಕೈಕೊಡುವ ಜಾಗ ಅದು.

ಇದನ್ನ ಫೋನಲ್ಲೇ ಹಿಡಿಯಬಹುದು. ಬಸ್ ಹೊರಟ ಮೇಲೆ ಮ್ಯಾಪ್ಸಲ್ಲಿ ತುಮಕೂರು ಬಸ್ ನಿಲ್ದಾಣಕ್ಕೆ ಕಾರಿನ ದಾರಿ ಶುರು ಮಾಡಿ, ಕಿಟಕಿ ಪಕ್ಕ ಫೋನ್ ಇಟ್ಕೊಳ್ಳಿ. ಕ್ಯಾತ್ಸಂದ್ರ ಹತ್ತಿರ ಊರ ಕಡೆ ಕವಲೊಡೆಯುವಲ್ಲಿ ಗಮನ ಕೊಡಿ. ಬಸ್ಸು ಬಿ.ಎಚ್. ರಸ್ತೆ ಹಿಡಿದು ಬಟವಾಡಿ, ಎಸ್‌ಐಟಿ ಕಡೆ ಬಂದರೆ ಉಳಿದ ದೂರ ಒಂದೇ ಸಮ ಇಳಿಯುತ್ತೆ. ಬೈಪಾಸ್ ಹಿಡಿದರೆ ದೂರ ತಟಕ್ಕನೆ ಹೆಚ್ಚಾಗಿ, ಹೊಸ ದಾರಿ ಹುಡುಕ್ತಾ ಇದೆ ಅನ್ನುತ್ತೆ. ಆ ಕ್ಷಣವೇ ಕಂಡಕ್ಟರ್‌ನ ಕರೀರಿ, ಇನ್ನು ಐದು ನಿಮಿಷ ಕಾದರೆ ಊರು ಹಿಂದೆ ಬಿದ್ದಿರುತ್ತೆ. ಕ್ಯಾತ್ಸಂದ್ರ ಬಂತು ಅಂತ ಬೆಳಗ್ಗೆ ಹೊತ್ತು ತಟ್ಟೆ ಇಡ್ಲಿ ಹಬೆಯೇ ಹೇಳುತ್ತೆ, ಏಸಿ ಬಸ್ಸಲ್ಲಿ ಮಾತ್ರ ಆ ಸೌಭಾಗ್ಯ ಇಲ್ಲ.

ಹೊಸಬ_ಸಿರಾಗೇಟ್

ಸ್ಟ್ಯಾಂಡಲ್ಲಿ ಬೋರ್ಡ್ ಓದೋಕೆ ಲುಕ್‌ಔಟ್ ಥರ ಕ್ಯಾಮೆರಾ ಆ್ಯಪ್ ಹಿಡಿದರೆ ಆಯ್ತಲ್ಲ. ಯಾರನ್ನೂ ಕೇಳೋದೇ ಬೇಡ.

ನಕ್ಷೆಹುಳ

ಕೆಲಸ ಅರ್ಧ ಆಗುತ್ತೆ ಅಷ್ಟೇ. ಫೋನ್ ಒಳಗೇ ಅಕ್ಷರ ಗುರುತಿಸಲು ಎಷ್ಟೋ ಆಂಡ್ರಾಯ್ಡ್ ಆ್ಯಪ್‌ಗಳು ಬಳಸೋದು ಗೂಗಲ್‌ನ ಎಂಎಲ್ ಕಿಟ್. ಅದಕ್ಕೆ ಬರೋ ಲಿಪಿಗಳು ಲ್ಯಾಟಿನ್, ಚೀನಿ, ಜಪಾನಿ, ಕೊರಿಯನ್, ದೇವನಾಗರಿ. ಕನ್ನಡ ಇಲ್ಲ. ಹಾಗಾಗಿ ನಮ್ಮ ಬಸ್ಸಿನ ಕನ್ನಡ ಬೋರ್ಡಿಗೆ ಹಿಡಿದರೆ ಸುಮ್ಮನಿರುತ್ತೆ, ಇಲ್ಲಾ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಉದುರಿಸುತ್ತೆ. ಗೂಗಲ್ ಲೆನ್ಸ್ ಕನ್ನಡ ಓದುತ್ತೆ, ಅದಕ್ಕೆ ನೆಟ್ ಚೆನ್ನಾಗಿರಬೇಕು. ಎಲ್‌ಇಡಿ ಬೋರ್ಡ್ ಆದರೆ ಇನ್ನೊಂದು ತೊಂದರೆ: ದೀಪದ ಸಾಲುಗಳು ಸರದಿಯಲ್ಲಿ ಮಿನುಗುತ್ತವೆ, ಫೋಟೋದಲ್ಲಿ ಅರ್ಧ ಅಕ್ಷರ ಮಾತ್ರ ಬೀಳುತ್ತೆ. ಎರಡು ಮೂರು ಸಲ ತೆಗೆದು ನೋಡಬೇಕು. ಅಷ್ಟರಲ್ಲಿ ಬಸ್ಸು ಹೋಗಿರುತ್ತೆ.

ಕ್ಯಾಮೆರಾ ಚೆನ್ನಾಗಿ ಒದಗೋದು ನಿಂತ ಆಟೋದ ನಂಬರಿಗೆ. ಪ್ಲೇಟು ಇಂಗ್ಲಿಷಲ್ಲೇ ಇರುತ್ತೆ, ತುಮಕೂರಿನದ್ದು ಕೆಎ 06. ಒಂದೂವರೆ ಮೀಟರ್ ದೂರ, ಸೊಂಟದ ಎತ್ತರದಲ್ಲಿ ಫೋನ್ ಹಿಡಿದು ನಿಧಾನಕ್ಕೆ ಎಡದಿಂದ ಬಲಕ್ಕೆ ಸರಿಸಿ. ಆ ನಂಬರು ಮನೆಯವರಿಗೆ ಕಳಿಸಿ, ವಾಟ್ಸ್ಆ್ಯಪ್ ಲೈವ್ ಲೊಕೇಶನ್ 1 ಗಂಟೆಗೆ ಹಾಕಿ. 15 ನಿಮಿಷದ್ದು ಟ್ರಾಫಿಕ್ಕಲ್ಲಿ ಸಾಲಲ್ಲ, 8 ಗಂಟೆಯದ್ದು ಬ್ಯಾಟರಿ ತಿನ್ನುತ್ತೆ.

ಕೋಲು_ಕಂಪಾಸು

ಸ್ಟ್ಯಾಂಡಲ್ಲಿ ಬಾಯಿಬಿಟ್ಟು ಕೇಳೋದೇ ಬೇಗ ಆಗೋ ಕೆಲಸ, ಅದರಲ್ಲಿ ಕೀಳೇನಿಲ್ಲ. ಆದರೆ "ಗುಬ್ಬಿ ಬಸ್ ಎಲ್ಲಿ?" ಅಂದರೆ "ಅಲ್ಲಿ" ಅಂತ ಬೆರಳು ತೋರಿಸ್ತಾರೆ. "ನನ್ನ ಎಡಕ್ಕಾ ಬಲಕ್ಕಾ, ಎಷ್ಟು ಕಂಬ ದಾಟಬೇಕು?" ಅಂತ ಕೇಳಿ, ಎಣಿಸೋಕೆ ಆಗುವ ಉತ್ತರ ಸಿಗುತ್ತೆ.

ರೈಲ್ವೆ_ಹಳಿ

ರೈಲು. ವೇರ್ ಈಸ್ ಮೈ ಟ್ರೇನ್ ಆ್ಯಪ್ ಕನ್ನಡದಲ್ಲೂ ಇದೆ. ಟ್ರೇನ್ ಒಳಗೆ ಕೂತ ಮೇಲೆ ಸೆಲ್ ಟವರ್ ಮೋಡಿಗೆ ಹಾಕಿದರೆ ಇಂಟರ್ನೆಟ್ಟೂ ಬೇಡ, ಜಿಪಿಎಸ್ಸೂ ಬೇಡ. ಸ್ಟೇಷನ್ ಅಲಾರಾಂ ಇಡಿ. ಬೆಂಗಳೂರು ಕಡೆಯಿಂದ ಬರುವಾಗ ಕ್ರಮ ಹೀಗೆ: ದಾಬಸ್‌ಪೇಟೆ, ಹಿರೇಹಳ್ಳಿ, ಕ್ಯಾತ್ಸಂದ್ರ, ತುಮಕೂರು. ಅಲಾರಾಂ ತುಮಕೂರಿಗೆ ಇಟ್ಟು, ಕ್ಯಾತ್ಸಂದ್ರ ದಾಟಿತು ಅಂತ ಆ್ಯಪ್ ಹೇಳಿದ ಮೇಲೆ ಏಳಿ. ಎಲ್ಲಾ ಎಕ್ಸ್‌ಪ್ರೆಸ್ ಕ್ಯಾತ್ಸಂದ್ರದಲ್ಲಿ ನಿಲ್ಲಲ್ಲ, ಹಾಗಾಗಿ ನಿಲುಗಡೆ ಎಣಿಸಿ ಇಳಿಯುವ ಹಳೇ ಪದ್ಧತಿ ಕೈಕೊಡುತ್ತೆ. ಸಿದ್ಧಗಂಗಾ ಮಠಕ್ಕೆ ಹೋಗುವವರಿಗೆ ಕ್ಯಾತ್ಸಂದ್ರವೇ ಹತ್ತಿರ, ನಿಮ್ಮ ರೈಲು ಅಲ್ಲಿ ನಿಲ್ಲುತ್ತಾ ಅಂತ ಟಿಕೆಟ್ ತಗೊಳ್ಳೋ ಮುಂಚೆ ನೋಡಿ.

ಪೂರ್ತಿ ಕಣ್ಣು ಕಾಣದವರಿಗೆ ಸೆಕೆಂಡ್, ಸ್ಲೀಪರ್, ಥರ್ಡ್ ಏಸಿ, ಏಸಿ ಚೇರ್ ಕಾರಲ್ಲಿ 75% ರಿಯಾಯಿತಿ, ಜೊತೆಗಿರುವ ಒಬ್ಬರಿಗೂ ಅಷ್ಟೇ. ಅದಕ್ಕೆ ರೈಲ್ವೆಯದ್ದೇ ದಿವ್ಯಾಂಗ ಕಾರ್ಡ್ ಮಾಡಿಸಿರಬೇಕು. ದಾರಿಯಲ್ಲಿ ಏನೇ ಸಹಾಯಕ್ಕೂ 139.

ಗುಬ್ಬಿಗೇಟ್_ಗೆಳೆಯ

ತುಮಕೂರಿಂದ ಬೆಂಗಳೂರಿಗೆ ಹೋಗಿ ಮೆಟ್ರೊ ಹಿಡಿಯುವವರಿಗೆ: ಹಸಿರು ಮಾರ್ಗ 2024ರ ನವೆಂಬರಿಂದ ಮಾದಾವರದವರೆಗೆ ಬಂದಿದೆ. ನಿಮ್ಮ ಬಸ್ಸು ಯಾವ ಸ್ಟೇಷನ್ ಹತ್ತಿರ ನಿಲ್ಲಿಸುತ್ತೆ ಅಂತ ಮೊದಲೇ ಕೇಳಿ. ವಾಟ್ಸ್ಆ್ಯಪ್ ಕ್ಯೂಆರ್ ಟಿಕೆಟ್ ಕೊಳ್ಳೋದು ಸಲೀಸು, ಗೇಟಲ್ಲಿ ಸ್ಕ್ಯಾನರ್ ಗಾಜಿಗೆ ಸ್ಕ್ರೀನ್ ಸರಿಯಾಗಿ ಹಿಡಿಯೋದು ಕಷ್ಟ. ಟಾಕ್‌ಬ್ಯಾಕಲ್ಲಿ ಸ್ಕ್ರೀನ್ ಮರೆಮಾಡಿದ್ದರಂತೂ ಕೋಡೇ ಕಾಣಲ್ಲ, ಹಿಂದಿನವರು ಗೊಣಗ್ತಾರೆ. ಸ್ಮಾರ್ಟ್ ಕಾರ್ಡ್ ತಗೊಳ್ಳಿ, ಕೈಯಲ್ಲಿ ತಡಕಿ ಮುಟ್ಟಿಸಿದರೆ ಆಯ್ತು.

ದುಡ್ಡಿನ ವಿಷಯ ಬಂದಿಲ್ಲ. ಆಟೋದವರು ಚಿಲ್ಲರೆ ಕೊಟ್ಟಾಗ ರಿಸರ್ವ್ ಬ್ಯಾಂಕಿನ ಮನಿ ಆ್ಯಪ್ ನೆಟ್ ಇಲ್ಲದೆ ನೋಟು ಹೇಳುತ್ತೆ. ಹೊಸ ನೋಟುಗಳಲ್ಲಿ 100 ರೂಪಾಯಿಯದ್ದು 142 ಮಿ.ಮೀ., 200ರದ್ದು 146, 500ರದ್ದು 150. ನಾಲ್ಕು ಮಿ.ಮೀ. ವ್ಯತ್ಯಾಸ ಬೆವರಿದ ಕೈಗೆ ತಿಳಿಯಲ್ಲ. ನೂರಕ್ಕೆ ಉಬ್ಬಿದ ತ್ರಿಕೋನ, ಐನೂರಕ್ಕೆ ವೃತ್ತ ಇದೆ ನಿಜ, ನೋಟು ಸವೆದರೆ ಅದೂ ಹೋಗುತ್ತೆ.

ಬಿಎಚ್‌ರೋಡ್_ಬದಿ

ಇಷ್ಟೆಲ್ಲಾ ಓಡಿಸಿದರೆ ಬ್ಯಾಟರಿ ಸಂಜೆವರೆಗೆ ಬರುತ್ತಾ? ಇನ್ನೊಂದು, ಶಿವರಾತ್ರಿ ಹೊತ್ತಿನ ಸಿದ್ಧಗಂಗಾ ಜಾತ್ರೆಗೆ, ಮಳೆಗೆ ಏನು ಮಾಡೋದು?

ಕೋಲು_ಕಂಪಾಸು

ಬ್ರೈಟ್‌ನೆಸ್ ಸೊನ್ನೆಗೆ ಇಳಿಸಿ. ಅಮೊಲೆಡ್ ಸ್ಕ್ರೀನ್ ಆದರೆ ಟಾಕ್‌ಬ್ಯಾಕ್ ಮೆನುವಿನಲ್ಲಿರೋ ಸ್ಕ್ರೀನ್ ಮರೆಮಾಡುವ ಆಯ್ಕೆಯಿಂದ ಇನ್ನಷ್ಟು ಉಳಿಯುತ್ತೆ, ಪಕ್ಕದವರು ನಿಮ್ಮ ಮೆಸೇಜ್ ಓದೋದೂ ತಪ್ಪುತ್ತೆ. 10,000 ಎಂಎಎಚ್ ಪವರ್‌ಬ್ಯಾಂಕ್ ಅಂದರೆ 5000ದ ಫೋನ್ ಎರಡು ಸಲ ತುಂಬುತ್ತೆ ಅಂದ್ಕೋಬೇಡಿ. ಒಳಗಿನ ಸೆಲ್ 3.7 ವೋಲ್ಟ್, ಹೊರಗೆ ಕೊಡೋದು 5 ವೋಲ್ಟ್, ಬದಲಾಯಿಸುವಾಗ ಶಾಖವಾಗಿ ಹೋಗೋದು ಬೇರೆ. ಒಂದೂವರೆ ಸಲ ಸಿಕ್ಕರೆ ಸಿಕ್ಕಿತು.

ಕ್ಯಾತ್ಸಂದ್ರ_ಕ್ರಾಸ್

ಜಾತ್ರೆಯಲ್ಲಿ ಟವರ್ ಮೇಲೆ ಹೊರೆ ಬಿದ್ದು ಡೇಟಾ ತೆವಳುತ್ತೆ, ಮಾತಾಡೋ ಕರೆ ಒಂದಷ್ಟು ವಾಸಿ. ಓಎಸ್‌ಎಂಆ್ಯಂಡ್‌ನ ಕರ್ನಾಟಕ ಮ್ಯಾಪ್ ಮನೆಯಲ್ಲೇ ಇಳಿಸಿ, ವಾಪಸ್ ಬರುವ ಜಾಗವನ್ನ ಗುರುತಾಗಿ ಉಳಿಸಿ. ಕೋಲನ್ನ ನೆಟ್ಟಗೆ, ಪೆನ್ನು ಹಿಡಿದ ಹಾಗೆ ಮೈಗೆ ಹತ್ತಿರ ಹಿಡೀರಿ, ಇಲ್ಲದಿದ್ದರೆ ಯಾರಾದರೂ ತುಳಿದು ಮುರೀತಾರೆ. ನಾಲ್ಕು ಮಡಿಕೆಯ ಕೋಲಿನ ಒಳಗಿನ ಎಲಾಸ್ಟಿಕ್ ಸಡಿಲ ಆಗಿದೆಯಾ ಅಂತ ಹಿಂದಿನ ದಿನವೇ ಎಳೆದು ನೋಡಿ.

ಗುಬ್ಬಿಗೇಟ್_ಗೆಳೆಯ

ಮಳೆಗೆ: ಹನಿ ಬಿದ್ದ ಸ್ಕ್ರೀನು ನೀರನ್ನೇ ಬೆರಳು ಅಂದ್ಕೊಳ್ಳುತ್ತೆ, ಟಾಕ್‌ಬ್ಯಾಕ್ ಎಲ್ಲೆಲ್ಲೋ ಜಿಗಿಯುತ್ತೆ. ಹೊರಡೋ ಮುಂಚೆಯೇ, ಸೂರಿನ ಕೆಳಗೆ ದಾರಿ ಹಾಕಿ ಲಾಕ್ ಮಾಡಿ. ನಡುವೆ ಬೇಕಾದರೆ ಇಯರ್‌ಫೋನ್ ಬಟನ್ ಒತ್ತಿ ಹಿಡಿದು ಅಸಿಸ್ಟೆಂಟನ್ನ ಕೇಳಿ. ಟಾಕ್‌ಬ್ಯಾಕ್ ಕೆಟ್ಟು ನಿಂತರೆ ವಾಲ್ಯೂಮಿನ ಎರಡೂ ಕೀ 3 ಸೆಕೆಂಡ್ ಒಟ್ಟಿಗೆ ಒತ್ತಿ ಆರಿಸಿ, ಮತ್ತೆ ಹಾಗೇ ಹಚ್ಚಿ. ಆ ಶಾರ್ಟ್‌ಕಟ್ ಸೆಟ್ಟಿಂಗಲ್ಲಿ ಆನ್ ಆಗಿರಬೇಕು, ಇವತ್ತೇ ಒಂದು ಸಲ ಒತ್ತಿ ನೋಡಿ. ಪವರ್ ಬಟನ್ ಐದು ಸಲ ಒತ್ತಿದರೆ ಎಷ್ಟೋ ಫೋನುಗಳಲ್ಲಿ ತುರ್ತು ಕರೆ ಹೋಗುತ್ತೆ, ಒದ್ದೆ ಕೈಯಲ್ಲಿ ಲಾಕ್ ಮಾಡೋಕೆ ಹೋಗಿ ಸುಮ್ಮಸುಮ್ಮನೆ 112ಕ್ಕೆ ಫೋನ್ ಮಾಡಬೇಡಿ.